ಸಾರಿಸಿದ ನೆಲದ ಮೇಲೆ ಮೂರು ದಾರ

ಶಿರಗುಪ್ಪಿಯ ಸಾಲೆಯಲ್ಲಿ ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಬಂದು ನನ್ನದೊಂದು ಪಾಠ ನೋಡಿ ಒಪ್ಪಿದರೆ ಆಗುತ್ತಿತ್ತು. ಹೂವಿನ ಭಾಗಗಳನ್ನು ಹೇಳಿ ಪಾರಾಗುವುದು ಬಿಟ್ಟು, ದಾರಿ ತೋರಿಸುವ ಉಪಗ್ರಹಗಳ ಪಾಠ ಹಿಡಿದುಕೊಂಡೆ. ಆಗ ತೊಂಬತ್ತರ ದಶಕ. ಹಡಗಿನವರಿಗೆ ತಾವೆಲ್ಲಿದ್ದೇವೆಂಬುದು ಆಕಾಶದಿಂದಲೇ ಗೊತ್ತಾಗುತ್ತದೆಂದು ಎಲ್ಲೋ ಓದಿ ನನಗೆ ಹುಚ್ಚು ಹಿಡಿದಿತ್ತು.

ಮೂರು ಕಡ್ಡಿಪೆಟ್ಟಿಗೆಗೆ ಬೇಗಡೆ ಸುತ್ತಿಸಿ ತೊಲೆಗಳಿಗೆ ಕಟ್ಟಿಸಿದೆ. ಅವೇ ಉಪಗ್ರಹ. ನೆಲದ ಮೇಲೆ ಮಕ್ಕಳ ಕೈಯಲ್ಲೇ ಸೀಮೆಸುಣ್ಣದ ನಕಾಶೆ: ಕೃಷ್ಣಾ ಹೊಳೆ, ಕುಡಚಿ ಸ್ಟೇಷನ್ನು, ಸಕ್ಕರೆ ಕಾರ್ಖಾನೆ, ನಮ್ಮ ಸಾಲೆ. ಪೆಟ್ಟಿಗೆಗೊಂದು ದಾರ ಇಳಿಬಿಟ್ಟು, ಸಾಲೆಯ ಗುರುತನ್ನು ಬಿಗಿಯಾಗಿ ಮುಟ್ಟುವಷ್ಟಕ್ಕೇ ಕತ್ತರಿಸಿದೆವು. ಮೂರೂ ತುದಿ ಎಳೆದರೆ ನೆಲದಲ್ಲಿ ಅದೊಂದೇ ಜಾಗದಲ್ಲಿ ಕೂಡುತ್ತವೆ. ಸಂಜೆತನಕ ಬಗ್ಗಿ ಬಗ್ಗಿ ಸೊಂಟ ಹೋಯಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೆಳಿಗ್ಗೆ ಹೋದರೆ ನೆಲವೆಲ್ಲ ಸೆಗಣಿಯಿಂದ ಸಾರಿಸಿ, ನಡುವೆ ಕಮಲದ ರಂಗೋಲಿ.

“ಯಾರ್ ಮಾಡಿದ್ರಿದನ್ನ?”

“ನಾವ ಅಕ್ಕೋರ,” ಎಂದಳು ಏಳನೆಯ ಇಯತ್ತೆಯ ಹುಡುಗಿ, ಹೊಗಳಿಕೆಗೆ ಕಾಯುತ್ತ. “ಸಾಹೇಬ್ರು ಬರಾಕತ್ತಾರ, ನೆಲಾ ಎಲ್ಲಾ ಗೀಚಿತ್ತು. ಹೆಡ್‌ಮಾಸ್ತರ ಸಾರಸ್ರಿ ಅಂದ್ರು.”

ಹಣೆ ಹಣೆ ಬಡಿದುಕೊಂಡೆ. ಅಷ್ಟರಲ್ಲಿ ಸಾಹೇಬರು ಹೆಡ್‌ಮಾಸ್ತರರೊಂದಿಗೆ ಬಂದು ಕುಳಿತೇಬಿಟ್ಟರು. ತೊದಲುತ್ತ ಪಾಠ ಶುರುಮಾಡಿದೆ.

“ನಕಾಶಿ ಎಲ್ಲೈತ್ರಿ ಬಾಯಾರ?” ಎಂದರು ಸಾಹೇಬರು.

ಅದೇ ಹುಡುಗಿ ಎದ್ದು ಹೋಗಿ ಮೂರೂ ದಾರ ಎಳೆದು, ಕಮಲದ ಒಂದು ಎಸಳಿನ ಮೇಲೆ ಕೂಡಿಸಿ ಹಿಡಿದಳು. “ನಕಾಶಿ ಅಳಿಸೇತ್ರಿ. ಆದ್ರ ದಾರ ಇಲ್ಲೇ ಕೂಡ್ತಾವ್ರಿ. ನಮ್ಮ ಸಾಲಿ ಇಲ್ಲೇ ಐತಿ.”

ನಾನು ಕಲಿಸಬೇಕಿದ್ದುದೇ ಅದು. ಸಾಹೇಬರು ಬಗ್ಗಿ ನೋಡಿದರು.

“ಈ ಕಮಲಾ ಯಾರ್ ಹಾಕ್ಯಾರ? ಭಾಳ ಚಂದ ಐತಿ.”

“ಎಲ್ಲಾ ಇವ್ರ ಕಲಸ್ಯಾರ್ರಿ,” ಎಂದರು ಹೆಡ್‌ಮಾಸ್ತರರು ನನ್ನತ್ತ ಕೈ ತೋರಿಸಿ.

“ಹಿಂಗಿರಬೇಕ ನೋಡ್ರಿ ಸಾಲಿ. ನಿಮ್ಮದು ಖಾಯಂ ಆತು ಅಂತ ತಿಳೀರಿ, ಬಾಯಾರ.” ಎನ್ನುತ್ತ ಸಾಹೇಬರು ಎದ್ದರು. ಚಹಾ ಕುಡಿಯಲು ಇಬ್ಬರೂ ಹೊರಟುಹೋದರು.

ಬೇಕಾದ ನೌಕರಿ ಸಿಕ್ಕಿತ್ತು, ಆದರೆ ದಾರದ ಮಾತು ಯಾರ ಕಿವಿಗೂ ಬೀಳಲಿಲ್ಲವೆಂಬ ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂದಿತ್ತು. ಹುಡುಗಿ ಇನ್ನೂ ದಾರ ಬಿಟ್ಟಿರಲಿಲ್ಲ.

“ಅಕ್ಕೋರ, ನಾ ಹೇಳಿದ್ದ ತಪ್ಪಾತೇನ್ರಿ?”