ಗುಂಡಿ ಹಚ್ಚುವಾಗ ಬಾಯಲ್ಲಿ ದಾರ

ಕಳೆದ ಭಾನುವಾರ ಸಂಜೆ ನನ್ನ ಅಂಗಿ ನನ್ನ ಮೈಬಿಟ್ಟು ಬರಲಿಲ್ಲ.

ನಗಬೇಡಿ. ಗುಂಡಿಗಳನ್ನೆಲ್ಲ ಬಿಚ್ಚಿದ್ದೆ. ಆದರೂ ಅಂಗಿ ಎಳೆದರೆ ಬನಿಯನ್ನೂ ಬೆನ್ನು ಹತ್ತಿ ಬರುತ್ತಿತ್ತು. ನೋಡಿದರೆ, ಎದೆಯ ಹತ್ತಿರ ಎರಡನ್ನೂ ಸೇರಿಸಿ ಯಾರೋ ಹೊಲಿದಿದ್ದಾರೆ. (ಯಾರೋ ಏನು, ನನ್ನ ಹೆಂಡತಿ ಗಿರಿಜಾ.)

ಬೆಳಿಗ್ಗೆ ಆದದ್ದಿಷ್ಟು. ಕಾರಟಗಿಯಲ್ಲಿ ನನ್ನ ತಂಗಿಯ ಮಗನಿಗೆ ಹೆಣ್ಣು ಗೊತ್ತು ಮಾಡುವ ಮಾತುಕತೆ ಇತ್ತು. ನಮ್ಮ ಬಳಗದಲ್ಲಿ ಇಂಥದ್ದೇನಿದ್ದರೂ ಮುಂದೆ ಕೂರುವವನು ನಾನೇ. ಹೈಸ್ಕೂಲ್ ಮಾಸ್ತರನಲ್ಲವೇ, ಬಾಯಿ ಇದೆ. ಸ್ವಲ್ಪ ಹೆಚ್ಚೇ ಇದೆ ಎಂಬುದು ಮನೆಯವರ ಅಭಿಪ್ರಾಯ. ಕೊಪ್ಪಳದ ಬಸ್‌ಸ್ಟ್ಯಾಂಡಿಗೆ ಹೊರಡಬೇಕು, ಅಷ್ಟರಲ್ಲಿ ಅಂಗಿಯ ಗುಂಡಿ ಟಪ್ಪೆಂದು ಹಾರಿತು. (ಎದೆಯದು. ಹೊಟ್ಟೆಯದಲ್ಲ, ದಯವಿಟ್ಟು ಗಮನಿಸಿ.)

"ಬಿಚ್ಚಿ ಕೊಡ್ರಿ, ಹಚ್ಚಿ ಕೊಡ್ತೀನಿ" ಅಂದಳು ಗಿರಿಜಾ.

"ಬಸ್ ಹೋಗ್ತದ. ಮೈಮ್ಯಾಲೇ ಹಚ್ಚು."

"ಹಂಗಾರ ಮೊದ್ಲ ಇದನ್ನ ಪೋಣಿಸಿ ಕೊಡ್ರಿ" ಎಂದು ಸೂಜಿ-ದಾರ ನನ್ನ ಕೈಗಿಟ್ಟಳು. ನಾನು ಚಾಳೀಸು ಏರಿಸಿ ಪೋಣಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಓಡುವ ಬಸ್ಸಿನಲ್ಲಿ ಕೂತು ಸೂಜಿ ಪೋಣಿಸುತ್ತಿದ್ದವಳು ಇವತ್ತೇಕೆ ನನ್ನನ್ನು ಕೇಳಿದಳು? ಆ ಪ್ರಶ್ನೆ ಮಾತ್ರ ನನಗೆ ಹೊಳೆಯಲಿಲ್ಲ.

ಮೈಮೇಲಿನ ಬಟ್ಟೆಗೆ ಸೂಜಿ ಹಾಕಬಾರದು ಎನ್ನುತ್ತಾರೆ. ಹಾಕಲೇಬೇಕಾದರೆ ತೊಟ್ಟವರು ಒಂದು ತುಂಡು ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡು ಸುಮ್ಮನಿರಬೇಕು. ಹೊಲಿಯುವವರು ಮಾತಾಡಬಹುದು, ತೊಟ್ಟವರು ಮಾತಾಡುವಂತಿಲ್ಲ. ಈ ಪದ್ಧತಿ ಮಾಡಿದ್ದು ಹೆಂಗಸರೇ ಎಂದು ನನಗೆ ಗುಮಾನಿ.

"ಕಚ್ಚಿಕೊಳ್ರಿ. ಗಂಟು ಹಾಕೂಮಟ ತುಟಿ ಪಿಟಕ್ ಅನ್ನಬಾರದು."

ಕಚ್ಚಿಕೊಂಡೆ. ಅವಳು ಗುಂಡಿಯ ತೂತನ್ನು ಬೆರಳ ತುದಿಯಿಂದ ಸವರಿ ಸವರಿ ಹುಡುಕುತ್ತಿದ್ದಳು. ಒಮ್ಮೆ ಸೂಜಿ ನನ್ನ ಎದೆಗೇ ತಾಗಿತು. ಹಾಂ ಅನ್ನುವಂತೆಯೂ ಇಲ್ಲ.

"ಏನ್ರಿ, ಭಾಳ ದಿನದಿಂದ ನಿಮಗೊಂದು ಹೇಳಬೇಕಂತ ಮಾಡೀನಿ" ಎಂದು ಶುರು ಮಾಡಿದಳು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ತಂಗಿ. ಗಿರಿಜಾ ಗಡಬಡಿಸಿ ಗಂಟು ಹಾಕಿ ದಾರ ಕಡಿದಳು. ನಾನು ಬಾಯಲ್ಲಿದ್ದ ದಾರ ಉಗುಳಿ ಮಾತು ಶುರು ಮಾಡಿದೆ.

ಗಂಗಾವತಿ ಬಂತು, ಹೋಯಿತು. ಕಾರಟಗಿಯೂ ಬಂತು. ನನ್ನ ಮಾತು ನಿಲ್ಲಲಿಲ್ಲ. ಪಕ್ಕದಲ್ಲಿ ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಭತ್ತದ ಗದ್ದೆ ನೋಡುತ್ತಿದ್ದಾಳೆ ಎಂದುಕೊಂಡೆ.

ಸಂಬಂಧ ಕುದುರಿತು. ಮನೆಗೆ ಬಂದು ಅಂಗಿ ಬಿಚ್ಚಲು ಹೋದಾಗಲೇ ಈ ಪಜೀತಿ.

"ಏ ಗಿರಿಜಾ, ಗಂಡ ಓಡಿ ಹೋಗ್ತಾನಂತ ಹೊಲಿದಿಟ್ಟಿಯೇನು?" ಎಂದು ನಕ್ಕೆ.

ಅವಳು ನಗಲಿಲ್ಲ. ಹತ್ತಿರ ಬಂದು ಹೊಲಿಗೆಯನ್ನು ಬೆರಳಿಂದ ಮುಟ್ಟಿ ನೋಡಿದಳು. "ಕಾಣಲಿಲ್ರಿ. ಅಂಗಿನೂ ಬೆಳ್ಳಗ, ಬನಿಯನ್ನೂ ಬೆಳ್ಳಗ. ಎಡಗಣ್ಣಿಗೆ ಮಂಜ ಕಟ್ಟೇತಿ. ಈಗೀಗ ಬಲಗಣ್ಣೂ ಹಂಗ ಆಗಾಕ ಹತ್ತೇತಿ."

"ಮುಂಜಾನೆ ಯಾಕ ಹೇಳಲಿಲ್ಲ?"

"ಹೇಳಾಕ ಸುರು ಮಾಡಿದ್ದೆ. ನೀವು ಬಾಯಿ ತಗದ್ರಿ, ನಾ ಮುಚ್ಚಿದೆ."

ಒಂದೇ ಮನೆಯಲ್ಲಿ, ಒಂದೇ ಪಡಸಾಲೆಯಲ್ಲಿ ಕೂತು ಉಣ್ಣುವವಳ ಕಣ್ಣು ಮಂಜಾಗಿದೆ ಎಂದು ತಿಳಿಯಲು ನನಗೆ ಒಂದು ಗುಂಡಿ ಕಿತ್ತುಹೋಗಬೇಕಾಯಿತೇ? ಈಗಿನ ರೆಡಿಮೇಡ್ ಅಂಗಿಗಳಲ್ಲಿ ಒಳಗಡೆ ಒಂದು ಸ್ಪೇರ್ ಗುಂಡಿ ಹಚ್ಚಿ ಕೊಡುತ್ತಾರೆ. ಕಣ್ಣಿಗೆ ಸ್ಪೇರ್ ಎಲ್ಲಿದೆ? ಹೆಂಡತಿಗೆ ಎಲ್ಲಿದೆ? ಆ ರಾತ್ರಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಶಾಲೆಗೆ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಯಾವಾಗಿಂದ ಹಿಂಗ ಐತ್ರಿ ಅಮ್ಮಾ?" ಎಂದರು ಡಾಕ್ಟರು.

"ಭಾಳ ದಿನ ಆತ್ರಿ ಸರ್" ಅಂದೆ ನಾನು.

"ನೋವು ಐತೇನ್ರಿ?"

"ಇಲ್ರಿ, ಬರೇ ಮಂಜ" ಅಂದೆ. ಅದೂ ನಾನೇ.

ಗಿರಿಜಾ ಪರ್ಸಿಗೆ ಕೈ ಹಾಕಿದಳು. ಕರ್ಚೀಫ್ ಹುಡುಕುತ್ತಿದ್ದಾಳೆ ಅಂದುಕೊಂಡೆ. ಒಂದು ತುಂಡು ಬಿಳಿ ದಾರ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ನನ್ನ ಕೇಳ್ರಿ ಸರ್, ನಾ ಹೇಳ್ತೀನಿ" ಅಂದಳು ಡಾಕ್ಟರಿಗೆ.

ಕಚ್ಚಿಕೊಂಡು ಕೂತೆ. ಆಗ ನನ್ನ ಹೆಂಡತಿಯ ಸುದ್ದಿ ನನಗೇ ಗೊತ್ತಾಯಿತು. ಹೊತ್ತು ಮುಳುಗಿದರೆ ಅವಳಿಗೆ ಮೆಟ್ಟಿಲು ಇಳಿಯಲು ಭಯ. ಅಕ್ಕಿಯಲ್ಲಿನ ಹರಳು ಕಾಣದೆ ಕೈಯಾಡಿಸಿ ಆರಿಸುತ್ತಾಳೆ. ಎದುರಿಗೆ ಬಂದವರನ್ನು ದನಿಯಿಂದ ಗುರುತು ಹಿಡಿಯುತ್ತಾಳೆ. "ಇವರದೇನು ತ್ರಾಸಿಲ್ರಿ, ದೂರದಿಂದನ ಗೊತ್ತಾಗತೈತಿ" ಎಂದಳು ನನ್ನ ಕಡೆ ತೋರಿಸಿ. ಡಾಕ್ಟರು ನಕ್ಕರು.

ಕಣ್ಣಿಗೆ ಪೊರೆ ಬಂದಿದೆಯಂತೆ. ಸಣ್ಣ ಆಪರೇಷನ್, ಮುಂಚಿನಂತೆಯೇ ಕಾಣುತ್ತದೆ ಎಂದಿದ್ದಾರೆ. ಆ ಹೊಲಿಗೆಯನ್ನು ಅವಳೇ ನೋಡಿ ಬಿಚ್ಚಲಿ ಎಂದು ಅಂಗಿ-ಬನಿಯನ್ ಎರಡನ್ನೂ ಹಾಗೆಯೇ ಮಡಚಿ ಇಟ್ಟಿದ್ದೇನೆ.

ನಿಮ್ಮ ಮನೆಯ ವಿಚಾರವಾಗಿಯೂ ಎರಡು ಮಾತು ಹೇಳುತ್ತಿದ್ದೆ. ಏನು ಮಾಡಲಿ, ಬಾಯಲ್ಲಿ ದಾರವಿದೆ.