ಹೆಸರಿಲ್ಲದ ಟ್ಯಾಂಕು

ಆಯುಧಪೂಜೆಯ ಬೆಳಿಗ್ಗೆ ನಮ್ಮ ಸಿದ್ಧಾರ್ಥನಗರದ ಬೀದಿಗೆ ಎಚ್ಚರವಾಗುವುದೇ ನಲ್ಲಿಯ ಸದ್ದಿಗೆ. ಕಾರು, ಸ್ಕೂಟರು, ಮಕ್ಕಳ ಸೈಕಲ್ಲು, ಎಲ್ಲಕ್ಕೂ ಅವತ್ತು ಅಭ್ಯಂಜನ. ಈ ವರ್ಷ ಮಾತ್ರ ನನ್ನನ್ನು ಎಬ್ಬಿಸಿದ್ದು ಒಂದು ವಾಸನೆ, ಪೆಟ್ರೋಲಿನ ಜೊತೆ ಸುಟ್ಟ ಎಣ್ಣೆ ಬೆರೆತ ನೀಲಿ ಹೊಗೆಯದು. ನೀವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರೋ ಏನೋ. ನನಗೆ ಅದು ಅಪ್ಪನ ಅಂಗಿಯ ವಾಸನೆ. ಕಿಟಕಿಗೆ ಬಂದು ನೋಡಿದರೆ ಎದುರುಮನೆಯ ಚೈತ್ರ ತನ್ನ ತಾತನ ಹಳೆಯ ಮೋಟರ್‌ಸೈಕಲ್ಲನ್ನು ಅಂಗಳಕ್ಕೆ ತಂದಿದ್ದಾಳೆ. ಎರಡು ವರ್ಷ ಅದರ ಹಿಂದೆ ಬಿದ್ದು ಮತ್ತೆ ಓಡುವಂತೆ ಮಾಡಿದ ಹುಡುಗಿ. ಕೈಯಲ್ಲಿ ನೀರಿನ ಪೈಪು ಹಿಡಿದು ನಿಂತಿದ್ದಳು. ಪೈಪು ಕಂಡದ್ದೇ ನಾನು ಬಾಗಿಲಿಗೆ ಓಡಿದೆ.

ಯಾಕೆಂದು ಹೇಳಬೇಕಾದರೆ ಆ ತಾತನಿಂದಲೇ ಶುರುಮಾಡಬೇಕು. ಅವರ ಹೆಸರು ಪುಟ್ಟಸ್ವಾಮಿಗೌಡರು. ನಾನು ಗೌಡಮಾವ ಎನ್ನುತ್ತಿದ್ದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅವರೂ ನಮ್ಮಪ್ಪ ಬಸವರಾಜಪ್ಪನವರೂ ಬನ್ನಿಮಂಟಪದ ಬಳಿ ಸೇರಿ ಒಂದು ರಿಪೇರಿ ಅಂಗಡಿ ಇಟ್ಟರು. ಮಿಲಿಟರಿಯವರು ಹರಾಜು ಹಾಕಿದ ಇಂಗ್ಲಿಷ್ ಮೋಟರ್‌ಸೈಕಲ್ಲೊಂದನ್ನು ಇಬ್ಬರೂ ಸೇರಿ ಕೊಂಡರು. ಮೊದಲ ಕೆಲವು ವರ್ಷ ಒಂದೇ ಬುತ್ತಿಯಲ್ಲಿ ಉಂಡವರು, ಕೊನೆಗೆ ಜಗಳವಾಡಿದ್ದು ಒಂದು ಬೋರ್ಡಿಗೆ. ಬರೆಯುವವನು ಬಂದು ಬಣ್ಣ ಕಲಸಿಕೊಂಡು, ಯಾರ ಹೆಸರು ಮೊದಲು ಎಂದು ಕೇಳಿದ. ಅಷ್ಟೇ ಆದದ್ದು. ಅಪ್ಪನಿಗೆ ಸಿಟ್ಟು ಬಂದರೆ ಹಿಂದೆ ಮುಂದೆ ನೋಡುತ್ತಿರಲಿಲ್ಲ, ಗೌಡಮಾವನ ಹಟವೂ ಏನು ಕಡಿಮೆಯದಲ್ಲ. ಅಂಗಡಿ ಪಾಲಾಯಿತು. ಮೋಟರ್‌ಸೈಕಲ್ಲೂ ಪಾಲಾಯಿತು: ಎಂಜಿನ್ ಅವರಿಗೆ, ಚೌಕಟ್ಟು, ಚಕ್ರ, ಟ್ಯಾಂಕು ನಮಗೆ. ಇಬ್ಬರಿಗೂ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆದರೂ ನ್ಯಾಯವಾಗಿ ಹಂಚಿಕೊಂಡೆವೆಂಬ ತೃಪ್ತಿ! ಆರು ವರ್ಷ ನಮ್ಮ ಚೌಕಟ್ಟು ಗೋಡೆಯ ಮೊಳೆಗೆ ನೇತಾಡಿತು, ಅವರ ಎಂಜಿನ್ ಗೋಣಿಚೀಲದೊಳಗೆ ಮಲಗಿತು.

ಅಷ್ಟರಲ್ಲಿ ಕೆಆರ್‌ಎಸ್ ರಸ್ತೆಯ ಕಡೆ ಮೋಟರ್‌ಸೈಕಲ್ ಕಾರ್ಖಾನೆ ಬರುತ್ತದೆಂಬ ಸುದ್ದಿ ಹಬ್ಬಿತು. ಯುರೋಪಿನ ಒಂದು ಕಂಪನಿ ನಮ್ಮವರ ಜೊತೆ ಕೈಜೋಡಿಸುತ್ತದಂತೆ, ನಕ್ಷೆ ಅವರದಂತೆ, ಕೆಲಸ ನಮ್ಮವರದಂತೆ. ಅನುಭವವಿರುವ ಮೆಕ್ಯಾನಿಕ್ಕುಗಳು ಬೇಕೆಂದು ಪ್ರಕಟಣೆಯೂ ಬಂತು. ಜೊತೆಗೆ ಸರ್ಟಿಫಿಕೇಟು ತರಬೇಕು, ಇಲ್ಲವೇ ಸ್ವಂತ ಕೈಯಿಂದ ಮಾಡಿದ ಕೆಲಸವನ್ನು ತೋರಿಸಬೇಕು ಎಂದಿತ್ತು. ಅಪ್ಪನ ಬಳಿ ಸರ್ಟಿಫಿಕೇಟು ಎಲ್ಲಿಂದ ಬರಬೇಕು? ವಯಸ್ಸು ನಲವತ್ತು ದಾಟಿತ್ತು, ಅಂಗಡಿಗೆ ಗಿರಾಕಿಗಳು ಬರುವುದು ನಿಂತಿತ್ತು. ಈ ಸಲ ತಪ್ಪಿದರೆ ಮತ್ತೆ ಕರೆಯುವವರಿಲ್ಲ ಎಂದು ಅಮ್ಮನ ಹತ್ತಿರ ಹೇಳುವುದನ್ನು ನಾನು ಕೇಳಿಸಿಕೊಂಡಿದ್ದೆ.

ಆಗ ನಾನು ಕಾಲೇಜಿಗೆ ಹೋಗುವ ಹುಡುಗಿ. ನಾಲ್ಕು ಇಂಗ್ಲಿಷ್ ಪುಸ್ತಕ ಓದಿದ್ದರಿಂದ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಹಳೆ ಪುಸ್ತಕದ ಅಂಗಡಿಯಿಂದ ಮೋಟರ್‌ಸೈಕಲ್ ಪತ್ರಿಕೆಯೊಂದನ್ನು ತಂದು ಅಪ್ಪನಿಗೆ ಓದಿ ಹೇಳಿದೆ. ಅದರಲ್ಲೊಂದು ಲೇಖನವಿತ್ತು. ಇಂಗ್ಲೆಂಡಿನ ಎಷ್ಟೋ ಕಂಪನಿಗಳಿಗೆ ಸ್ವಂತ ಎಂಜಿನ್ನೇ ಇರಲಿಲ್ಲವಂತೆ. ಬೇರೆಯವರಿಂದ ಎಂಜಿನ್ ತಂದು ತಮ್ಮ ಚೌಕಟ್ಟಿಗೆ ಕೂರಿಸಿ, ಟ್ಯಾಂಕಿನ ಮೇಲೆ ತಮ್ಮ ಹೆಸರು ಬರೆಸಿಕೊಳ್ಳುತ್ತಿದ್ದರಂತೆ. ಎದುರಾಳಿಗಳು ಕೂಡಿ ಗಾಡಿ ಮಾಡಿದ್ದು ಅಪರೂಪ. ಹಾಗೆ ಮಾಡಿದವರಲ್ಲೂ ಕೆಲವರು ನಾಲ್ಕು ವರ್ಷಕ್ಕೇ ಮುಖ ತಿರುಗಿಸಿಕೊಂಡರಂತೆ. ನಮ್ಮ ಗೋಡೆಯ ಮೇಲಿದ್ದ ಚೌಕಟ್ಟೂ ಅಂಥದ್ದೇ ಒಂದು ಕೂಡಿಕೆಯ ಸಂತಾನ. ಅಪ್ಪ ಅದನ್ನೇ ನೋಡುತ್ತ ಕೂತರು. ನಾನು ಮಾರನೆಯ ದಿನ ಅದೇ ಪತ್ರಿಕೆಯನ್ನು ಗೌಡಮಾವನ ಅಂಗಡಿಗೆ ಒಯ್ದು ಅದೇ ಲೇಖನವನ್ನು ಮತ್ತೊಮ್ಮೆ ಓದಿದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಏಕೈಕ ರಾಜಕಾರಣ ಅದು.

ಭಾನುವಾರ ಬೆಳಿಗ್ಗೆ ಗೌಡಮಾವ ಸೈಕಲ್ಲಿನ ಕ್ಯಾರಿಯರಿಗೆ ಗೋಣಿಚೀಲ ಕಟ್ಟಿಕೊಂಡು ಬಂದರು. ಅವರಿಗೂ ಸರ್ಟಿಫಿಕೇಟು ಇರಲಿಲ್ಲ ನೋಡಿ.

“ಚೌಕಟ್ಟು ಇನ್ನೂ ಐತಾ ಬಸಣ್ಣ?” ಎಂದರು.

“ಐತೆ, ಬನ್ನಿ ಗೌಡ್ರೆ,” ಎಂದರು ಅಪ್ಪ. ಆರು ವರ್ಷದ ಮುನಿಸಿನ ಬಗ್ಗೆ ಇಬ್ಬರೂ ಆಡಿದ ಮಾತು ಅಷ್ಟೇ.

ದಸರೆಯ ಹೊತ್ತಿಗೆ ಗಾಡಿ ಸಿದ್ಧವಾಯಿತು. ಟ್ಯಾಂಕಿಗೆ ಕಪ್ಪು ಬಣ್ಣ ಬಳಿದರು, ಹೆಸರು ಬರೆಯುವ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಆಯುಧಪೂಜೆಯ ದಿನ ಅಪ್ಪ ನೀರು ಮುಟ್ಟಿಸದೆ ಬರೀ ಬಟ್ಟೆಯಲ್ಲಿ ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದರು. ಹಬ್ಬ ಕಳೆದು ಎರಡು ದಿನಕ್ಕೆ ಕಾರ್ಖಾನೆಗೆ ಹೋಗುವುದಿತ್ತು. ಪರೀಕ್ಷೆ ಮಾಡುವವರು ಹೊರದೇಶದ ಎಂಜಿನಿಯರು, ಮಾತು ತಿಳಿಸಿ ಹೇಳಲು ಜೊತೆಗೆ ನಾನು.

ಹೊರಡಬೇಕಾದ ಬೆಳಿಗ್ಗೆ ಹಿತ್ತಲಿಗೆ ಹೋದರೆ ಗಾಡಿಯ ಮೈತುಂಬ ಕುಂಕುಮ, ವಿಭೂತಿ, ಬಾಡಿದ ಹೂವಿನ ಕಲೆ. ನನಗೆ ನಾಚಿಕೆಯಾಯಿತು. ಇದನ್ನು ನೋಡಿದರೆ ಆ ಬಿಳಿಯ ನಮ್ಮನ್ನು ಏನೆಂದುಕೊಂಡಾನು ಎಂದು ಎರಡು ಕೊಡ ನೀರು ತಂದು ಸುರಿದು ಉಜ್ಜಿ ತೊಳೆದೆ. ಎಂಜಿನ್ ಮೇಲೂ ಧಾರಾಳವಾಗಿ ಸುರಿದೆ. ತಿರುಗಿ ನೋಡಿದರೆ ಬೇಲಿಯ ಬಳಿ ಗೌಡಮಾವ ನಿಂತಿದ್ದರು. ಆಗಷ್ಟೇ ಬಂದಿದ್ದರೋ ಏನೋ, ನಾನು ನೀರು ಸುರಿದದ್ದನ್ನು ಕಂಡರೋ ಇಲ್ಲವೋ ತಿಳಿಯಲಿಲ್ಲ.

ನಾನು ಜಟಕಾದಲ್ಲಿ ಮುಂದೆ ಹೋದೆ. ಅವರಿಬ್ಬರೂ ಗಾಡಿಯ ಮೇಲೆ ಬಂದವರು ಮೇಟಗಳ್ಳಿಯ ಹತ್ತಿರ ಕೆಮ್ಮಿ ಕೆಮ್ಮಿ ನಿಂತು, ಉಳಿದ ದಾರಿ ತಳ್ಳಿಕೊಂಡು ಬಂದರು. ಗೇಟಿನ ಎದುರು ಅಪ್ಪ ಒದ್ದರು, ಗೌಡಮಾವ ಒದ್ದರು, ಏನೂ ಆಗಲಿಲ್ಲ. ಆ ಎಂಜಿನಿಯರು ಕೈಕಟ್ಟಿ ನೋಡುತ್ತಿದ್ದರು. ಅವರ ಹಣೆಯ ಮೇಲೆ ಅಂಗೈಯಗಲ ಕುಂಕುಮ! ಹಿಂದಿನ ಶೆಡ್ಡಿನಲ್ಲಿ ಒಂದೊಂದು ಯಂತ್ರಕ್ಕೂ ಹಾರ, ವಿಭೂತಿ ಪಟ್ಟೆ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಗೌಡಮಾವ ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ಮುಚ್ಚಳ ಬಿಚ್ಚಿದರು. ಒಳಗಿಂದ ನೀರು ತೊಟ್ಟಿಕ್ಕಿತು. ಅಪ್ಪನ ಮುಖ ಕೆಂಪಾಯಿತು.

“ಯಾರು ನೀರು ಹುಯ್ದಿದ್ದು?”

ನಾನು ಬಾಯಿ ತೆರೆಯುವುದರೊಳಗೆ ಗೌಡಮಾವ ತಲೆ ಎತ್ತದೆ ಹೇಳಿದರು: “ನಾನೇ ಕಣ್ ಬಸಣ್ಣ. ಗಲೀಜಾಗಿತ್ತು ಅಂತ ತೊಳ್ದ್‌ಬುಟ್ಟೆ.”

ಬೋರ್ಡಿಗಾಗಿ ಅಂಗಡಿ ಮುರಿದುಕೊಂಡ ಮನುಷ್ಯ ನಮ್ಮಪ್ಪ. ಇನ್ನೇನು ಎಲ್ಲ ಮುಗಿಯಿತು ಎಂದುಕೊಂಡೆ. ಅಪ್ಪ ಹೆಗಲ ಮೇಲಿದ್ದ ಒಗೆದ ವಲ್ಲಿಯನ್ನು ತೆಗೆದು ಗೌಡಮಾವನ ಕೈಗೆ ಕೊಟ್ಟು, ತಾವೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಒಬ್ಬರು ಬಿಚ್ಚುವುದು, ಒಬ್ಬರು ಒರೆಸಿ ಊದುವುದು. ಒಬ್ಬರು ಕೈ ನೀಡಿದರೆ ಇನ್ನೊಬ್ಬರ ಕೈಯಲ್ಲಿ ಸ್ಪಾನರು ಇರುತ್ತಿತ್ತು, ಕೇಳಬೇಕಾಗಿಯೇ ಇರಲಿಲ್ಲ. ಮೂರನೆಯ ಒದೆತಕ್ಕೆ ಗಾಡಿ ಗುಡುಗಿತು. ಇದನ್ನು ಮಾಡಿದವರು ಯಾರು ಎಂದು ಎಂಜಿನಿಯರು ಕೇಳಿದ್ದನ್ನು ನಾನು ಅವರಿಬ್ಬರಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಎಂಜಿನ್ ಗೌಡರದು ಎಂದರು, ಗೌಡಮಾವ ಉಳಿದದ್ದೆಲ್ಲ ಬಸಣ್ಣನದು ಎಂದರು. ಇಬ್ಬರಿಗೂ ಅವತ್ತೇ ಕೆಲಸ ಸಿಕ್ಕಿತು.

ಅವರು ನಿವೃತ್ತರಾಗುವವರೆಗೂ ಒಂದೇ ಬೆಂಚಿನಲ್ಲಿ ಕೆಲಸ ಮಾಡಿದರು. ಆದರೆ ಕಾರ್ಖಾನೆಯಲ್ಲಿ ಗೌಡಮಾವನಿಗೆ ‘ನೀರುಗೌಡ’ ಎಂಬ ಹೆಸರು ಅಂಟಿತು. ಮದುವೆಮನೆಗಳಲ್ಲಿ, ಅವರದೇ ಮೊಮ್ಮಕ್ಕಳ ಎದುರಿನಲ್ಲಿ, ಮೆಕ್ಯಾನಿಕ್ಕಾಗಿದ್ದೂ ಮ್ಯಾಗ್ನೆಟೋಗೆ ನೀರು ಹುಯ್ದವನ ಕತೆ ಹೇಳಿ ಜನ ನಗುತ್ತಿದ್ದರು. ಅವರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಅಪ್ಪ ಹೋದರು. ಗಾಡಿ ಗೌಡಮಾವನ ಮನೆ ಸೇರಿತು. ಕೊನೆಗೆ ಗೌಡಮಾವನೂ ಹೋದರು.

ನಾನು ಚಪ್ಪಲಿ ಮರೆತು ಬೀದಿ ದಾಟಿ, ನಲ್ಲಿ ನಿಲ್ಲಿಸು ಎಂದು ಕೂಗಿದೆ. ಚೈತ್ರ ನಕ್ಕಳು. “ಗೊತ್ತು ಅಜ್ಜಿ, ನೀರು ನೆಲಕ್ಕೆ ಅಷ್ಟೇ. ನಾನೇನು ನಮ್ಮ ತಾತನ ಥರ ಮಾಡ್ತೀನಾ?”

“ನಿಮ್ಮ ತಾತ ಅಲ್ಲ ಕಣಮ್ಮ,” ಎಂದೆ. “ನೀರು ಹುಯ್ದಿದ್ದು ನಾನು.”

ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಎದ್ದು ಹೋಗಿ ಒಣಗಿದ ಬಟ್ಟೆಯೊಂದನ್ನು ತಂದು ನನ್ನ ಕೈಗೆ ಕೊಟ್ಟಳು, ಇನ್ನೊಂದನ್ನು ತಾನು ಹಿಡಿದಳು. ಇಬ್ಬರೂ ಸೇರಿ ಒರೆಸಿದೆವು. ಕುಂಕುಮದ ಬಟ್ಟಲು ಬಂದಾಗ ನಾನೇ ಬೆರಳದ್ದಿ, ಇವತ್ತಿಗೂ ಹೆಸರಿಲ್ಲದ ಆ ಟ್ಯಾಂಕಿನ ಮೇಲೆ ಅಗಲವಾಗಿ ಒಂದು ಬೊಟ್ಟು ಇಟ್ಟೆ.