ತವರಿನ ಪಟ

ಬೀರೂರಿನ ರೈಲ್ವೆ ಕ್ವಾರ್ಟರ್ಸಿನ ಹಿಂದೆ ನಮ್ಮದೊಂದು ಚಿಕ್ಕ ಚರ್ಚಿತ್ತು. ಅದರ ಎಡಗೋಡೆಯ ಮೇಲೆ, ಯಾವುದೋ ದೂರದೇಶದಲ್ಲಿ ಅಚ್ಚಾಗಿ ಬಂದ ಒಂದು ಪಟ. ಕಲ್ಲಿನ ಮನೆ, ಬಾಗಿಲ ಮುಂದೆ ಮೆಟ್ಟಿಲು, ಹಿಂದೆ ಗುಡ್ಡ. ವಯಸ್ಸಾದ ಹೆಂಗಸೊಬ್ಬಳು ಕೆಳಗಿನ ಮೆಟ್ಟಿಲಿಗೆ ಒಂದು ಕಾಲಿಟ್ಟು, ದೂರದಿಂದ ನಡೆದು ಬಂದ ಹರೆಯದವಳ ಮೊಣಕೈಗಳನ್ನು ಹಿಡಿದುಕೊಂಡಿದ್ದಾಳೆ. ಹರೆಯದವಳ ನೀಲಿ ಮುಸುಕು ಗಾಳಿಗೆ ಹಾರಿದೆ. ನಮ್ಮ ಹೆಂಗಸರು ಅದನ್ನು ತವರಿನ ಪಟ ಎನ್ನುತ್ತಿದ್ದರು. ತಾಯಿ ಮಗಳನ್ನು ತವರಿಗೆ ಬರಮಾಡಿಕೊಳ್ಳುತ್ತಿದ್ದಾಳೆ ಎಂದೇ ಎಲ್ಲರ ತಿಳುವಳಿಕೆ. ಹೆಣ್ಣು ಕೊಟ್ಟ ಮನೆಯವರು ಅದರ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದರು. ಹೊಗೆಗೆ ಗಾಜಿನ ಕೆಳಗಿನ ಅರ್ಧ ಕಪ್ಪಾಗಿ, ಇಬ್ಬರ ಹೊಟ್ಟೆಯ ಭಾಗವೂ ಮಸುಕಾಗಿ ಹೋಗಿತ್ತು.

ಜುಲೈ ಎರಡಕ್ಕೆ ಆ ಪಟದ ಹಬ್ಬ, ಮರಿಯಮ್ಮನ ಭೇಟಿಯ ಹಬ್ಬ. ಆಗೆಲ್ಲ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಯಾರು ಯಾರನ್ನು ಭೇಟಿಯಾದರು, ಏಕೆ ಆದರು, ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಮ್ಮಜ್ಜನ ಕಾಲಕ್ಕೆ ದೇವರು ಬದಲಾಗಿದ್ದರು, ನಂಬಿಕೆಗಳು ಬದಲಾಗಿರಲಿಲ್ಲ.

ನಮ್ಮಪ್ಪ ಗ್ಯಾಂಗ್‌ಮನ್. ಸುತ್ತಿಗೆ ಹೊತ್ತು ಹಳಿಗುಂಟ ನಡೆದು ಸಾಕಿದ ಮನೆ ಅದು. ನಾನು ಬಿ.ಎ. ಪಾಸು ಮಾಡಿದ್ದು ಪ್ಲಾಟ್‌ಫಾರಂ ದೀಪದ ಕೆಳಗೆ ಓದಿ. ನಮ್ಮ ವಂಶದಲ್ಲಿ ಮೊದಲನೆಯವಳು ನಾನು, ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಅರವತ್ತರ ದಶಕದ ನಡುವಿಗೆ ತರೀಕೆರೆಯ ಹೈಸ್ಕೂಲಿನಲ್ಲಿ ಮೇಡಂ ಆಗಿದ್ದೆ, ಬಾಡಿಗೆಯ ಒಂದು ಕೋಣೆಯಲ್ಲಿದ್ದೆ. ಪೂಜೆ ಕನ್ನಡಕ್ಕೆ ಬಂದದ್ದೂ ಆಗಲೇ.

ಆ ಜೂನ್‌ನಲ್ಲಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟಿದ್ದರು. ಅಲ್ಲಿ ಅವಳಿಗೆ ಎರಡು ಹೆರಿಗೆಯಾಗಿ ಎರಡು ಕೂಸೂ ಉಳಿದಿರಲಿಲ್ಲ. ಈಗ ಮತ್ತೆ ಏಳು ತಿಂಗಳು. ಈ ಸಲ ಅಮ್ಮನ ಕೈಯಲ್ಲೇ ಆಗಬೇಕು, ಇಲ್ಲದಿದ್ದರೆ ಇದೂ ಹೋಗುತ್ತದೆ ಎಂದು ಬಂದವರ ಹತ್ತಿರವೆಲ್ಲ ಹೇಳಿಕಳಿಸುತ್ತಿದ್ದಳು. ನಮ್ಮ ಕ್ವಾರ್ಟರ್ಸ್ ಲೈನಿನ ಮಕ್ಕಳಲ್ಲಿ ಅರ್ಧಕ್ಕರ್ಧ ಅಮ್ಮನ ಕೈಯಲ್ಲೇ ಹುಟ್ಟಿದವು. ಆದರೆ ಮನೆಯಲ್ಲಿ ಅಣ್ಣನ ಹೆಂಡತಿಗೂ ಐದು ತಿಂಗಳು. ಅತ್ತಿಗೆ ಕನ್ಯಾಸ್ತ್ರೀಯರ ಅನಾಥಾಲಯದಲ್ಲಿ ಬೆಳೆದವಳು, ಹೋಗಲು ಅವಳಿಗೆ ತವರೇ ಇಲ್ಲ. ಒಂದು ಸೂರಿನ ಕೆಳಗೆ ಇಬ್ಬರು ಬಸುರಿಯರಿದ್ದರೆ ಎರಡನೆಯ ಹೆರಿಗೆಗೆ ಕೇಡು ಎಂಬುದು ನಮ್ಮ ಕಡೆಯ ನಂಬಿಕೆ. ಎರಡನೆಯವಳು ಅತ್ತಿಗೆ.

ನಾನು ಹಬ್ಬಕ್ಕೆ ರಜೆ ಹಾಕಿ ಬಂದವಳು ಅಮ್ಮನ ಜೊತೆ ವಾದಕ್ಕಿಳಿದೆ. ಇದೆಲ್ಲ ಮೂಢನಂಬಿಕೆ ಎಂದೆ. ಅಕ್ಕನನ್ನು ತರೀಕೆರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ.

"ಅಲ್ಲಿ ಕೂಸು ಹಿಡಿಯೋರ್ಯಾರೇ? ನೀನಾ, ನಿನ್ ಪುಸ್ತಕಾನಾ?" ಎಂದಳು ಅಮ್ಮ. ಆಮೇಲೆ ದನಿ ತಗ್ಗಿಸಿ, "ನನ್ ಮಗಳಿಗೆ ನಾನಿದೀನಿ. ಆ ಹುಡುಗಿಗೆ ಯಾರವ್ರೆ? ಅದಕ್ಕೇನಾದ್ರೂ ಆದ್ರೆ ಕೇಳೋಕೂ ಒಬ್ರಿಲ್ಲ ಅಂತ ನಾನೇ ಬಲಿ ಕೊಡ್ಲಾ?" ಎಂದಳು.



ಹಬ್ಬದ ಬೆಳಿಗ್ಗೆ ಅಜ್ಜಂಪುರದ ಕಡೆಯ ರೈಲು ಬಂದು ಸ್ವಲ್ಪ ಹೊತ್ತಿಗೆ, ಟ್ರಂಕು ಹೊತ್ತ ಪೋರ್ಟರನ ಹಿಂದೆ ಅಕ್ಕ ನಡೆದು ಬಂದಳು. ಯಾರಿಗೂ ಹೇಳದೆ ಹೊರಟು ಬಂದಿದ್ದಳು. ಅಮ್ಮ ಬಾಗಿಲಲ್ಲೇ ನಿಂತು, ಒಳಗೆ ಬರಬೇಡ ಎಂಬಂತೆ ಕೈ ಅಡ್ಡ ಹಿಡಿದಳು. ಎದುರುಗಡೆ ಕೊಬ್ಬರಿ ವ್ಯಾಪಾರದವರ ಮನೆ. ಅಲ್ಲಿನ ಅಜ್ಜಿ, ಹಣೆತುಂಬ ವಿಭೂತಿಯವರು, ನೋಡುತ್ತಿದ್ದವರು ಅಕ್ಕನನ್ನು ಕರೆದು ತಮ್ಮ ಜಗುಲಿಯ ಮೇಲೆ ಕೂರಿಸಿಕೊಂಡು ನೀರು ಕೊಟ್ಟರು. ನನ್ನನ್ನು ಕಂಡು, "ಓದಿದೋಳು ಬಂದವ್ಳೆ. ಇನ್ ಬಸುರೀರಿಗೂ ಪಾಠ ಸುರುವಾಯ್ತು," ಎಂದು ನಕ್ಕರು. ನಂಬಿಕೆಯ ವಿಷಯದಲ್ಲಿ ಅವರೂ ಅಮ್ಮನ ಕಡೆಯೇ.

ಪೂಜೆಯ ಗಂಟೆ ಬಾರಿಸಿತು. ಅಕ್ಕನನ್ನು ಜಗುಲಿಯಲ್ಲೇ ಬಿಟ್ಟು ನಾವು ಹೋದೆವು. ಅತ್ತಿಗೆ ಅಮ್ಮನ ಮಗ್ಗುಲಲ್ಲಿ ತಲೆ ತಗ್ಗಿಸಿ ನಡೆದಳು.

ಅವತ್ತು ಮೊದಲ ಸಲ ಆ ಹಬ್ಬದ ಶುಭಸಂದೇಶವನ್ನು ನಾವು ಕನ್ನಡದಲ್ಲಿ ಕೇಳಿದೆವು. ಹೊಟ್ಟೆಯಲ್ಲಿ ಮಗುವಿದ್ದ ಮರಿಯಮ್ಮ ಅವಸರದಿಂದ ಗುಡ್ಡಗಾಡಿಗೆ ಹೊರಟದ್ದು, ಮುದಿವಯಸ್ಸಿನಲ್ಲಿ ಬಸುರಾಗಿದ್ದ ಬಂಧು ಎಲಿಜಬೇತಮ್ಮನ ಮನೆಗೆ ಬಂದದ್ದು, ಮರಿಯಮ್ಮನ ದನಿ ಕೇಳಿ ಎಲಿಜಬೇತಮ್ಮನ ಹೊಟ್ಟೆಯಲ್ಲಿನ ಕೂಸು ನಲಿದದ್ದು. ಚರ್ಚಿನ ಸ್ವಾಮಿಯವರು ಓದುತ್ತಿದ್ದಂತೆ ಹೆಂಗಸರ ಕಡೆ ಗುಸುಗುಸು ಎದ್ದಿತು. ಎಲ್ಲರ ಕಣ್ಣೂ ಎಡಗೋಡೆಗೆ ಹೋಯಿತು. ತಾಯಿಯೂ ಅಲ್ಲ, ಮಗಳೂ ಅಲ್ಲ. ಇಷ್ಟು ವರ್ಷ ನಾವು ದೀಪ ಹಚ್ಚಿದ್ದು ಇಬ್ಬರು ಬಸುರಿಯರಿಗೆ, ಒಂದೇ ಬಾಗಿಲ ಮುಂದೆ ನಿಂತವರಿಗೆ.

ಅಮ್ಮನ ಮುಖ ಕಲ್ಲಾಗಿತ್ತು. ನನಗೆ ಒಳಗೊಳಗೇ ಗೆದ್ದೆ ಅನ್ನಿಸಿತು.

ದಾರಿಯುದ್ದಕ್ಕೂ ಅಮ್ಮ ನಮಗಿಂತ ಮುಂದೆ ನಡೆದಳು. ಮನೆ ಬಾಗಿಲಿಗೆ ಬಂದು, ಹೊಸ್ತಿಲ ಮೇಲೆ ನಿಂತು, ಒಳಗಿನಿಂದ ನನ್ನ ಬೈಬಲ್ ತರಲು ಹೇಳಿದಳು. ಬೀದಿಯಾಚೆ ಅಕ್ಕ ಟ್ರಂಕಿನ ಮೇಲೆ ಕೈಯೂರಿ ಕೂತಿದ್ದಳು. ಗಾಳಿ ಎದ್ದಿತ್ತು, ಎಮ್ಮೆದೊಡ್ಡಿ ಕಡೆಯಿಂದ ಮೋಡ ಕವಿದು ಬರುತ್ತಿತ್ತು.

"ಮೂರ್ ತಿಂಗಳು ಇದ್ಲು ಅಂತ ಓದಿದ್ರಲ್ಲ ಸ್ವಾಮೇರು. ಆಯಮ್ಮನ ಹೆರಿಗೆ ಹೊತ್ತಿಗೆ ಅಲ್ಲೇ ಇದ್ಲಾ, ಹೊರಟೋಗಿದ್ಲಾ? ಸರಿಯಾಗಿ ಓದು."

ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಇದ್ದಳು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ಅಕ್ಕ ಒಳಗೆ ಬರುತ್ತಿದ್ದಳು. ಪುಟ ತೆರೆದೆ. ಮರಿಯಮ್ಮ ಸುಮಾರು ಮೂರು ತಿಂಗಳಿದ್ದು ತನ್ನ ಮನೆಗೆ ಮರಳಿದಳು ಎಂದಿದೆ. ಎಲಿಜಬೇತಮ್ಮನಿಗೆ ದಿನ ತುಂಬಿದ ಮಾತು ಬರುವುದು ಅದರ ನಂತರ. ದೀಪದ ಕೆಳಗೆ ಕೂತು ಓದು ಕಲಿತದ್ದು ಇಲ್ಲದ್ದನ್ನು ಓದುವುದಕ್ಕಲ್ಲ. ಇದ್ದಂತೆಯೇ ಓದಿದೆ. ಓದುವಾಗ ಅಕ್ಕನ ಕಡೆ ನೋಡಲಾಗಲಿಲ್ಲ.

"ನೋಡ್ದ್ಯಾ? ಹೆರಿಗೆಗೆ ಮುಂಚೆ ಕಳಿಸವ್ರೆ. ಅವರಿಗೂ ಗೊತ್ತಿತ್ತು," ಎಂದಳು ಅಮ್ಮ. ಅವಳ ಕೈ ಬಾಗಿಲ ಚೌಕಟ್ಟಿನ ಮೇಲೇ ಇತ್ತು.

ಆಗ ಅತ್ತಿಗೆ ಮಾತಾಡಿದಳು. ಮದುವೆಯಾಗಿ ಬಂದಲ್ಲಿಂದ ಅಮ್ಮನೆದುರು ಅವಳು ಹಾಂ, ಹೂಂ ಬಿಟ್ಟು ಬೇರೆ ಆಡಿದ್ದು ನಾನು ಕೇಳಿರಲಿಲ್ಲ.

"ಹಂಗಾದ್ರೆ ಅಕ್ಕನೂ ಮೂರ್ ತಿಂಗಳು ಇರ್ಲಿ ಅತ್ತೆ. ಅಷ್ಟರಾಗೆ ಅವರ್ದು ಮುಗೀತದೆ. ನನ್ನದಕ್ಕೆ ಮುಂಚೆ ಹೊರಡ್ಲಿ."

"ನಿಂಗೇನಾರಾ ಆದ್ರೆ?"

"ಆದಾಗ ನೋಡಾಣ. ಪುಸ್ತಕದಾಗೆ ಆಗ್ಲಿಲ್ಲವಲ್ಲ."

ಉತ್ತರಕ್ಕೂ ಕಾಯದೆ ಅವಳು ಅಮ್ಮನ ಕೈಯ ಕೆಳಗೆ ನುಸುಳಿ ಮೆಟ್ಟಿಲಿಳಿದಳು, ಬೀದಿ ದಾಟಿದಳು. ಎದುರುಮನೆ ಅಜ್ಜಿ ಬೇಡ ಕಣವ್ವಾ ಎನ್ನುತ್ತಿದ್ದರು. ಅವಳು ಅಕ್ಕನ ಎರಡೂ ಮೊಣಕೈ ಹಿಡಿದು ಎಬ್ಬಿಸಿ, "ಏಳಿ ಅಕ್ಕ, ಮಳೆ ಬತ್ತೈತೆ," ಎಂದಳು. ನಾನು ಹೋಗಿ ಟ್ರಂಕು ಎತ್ತಿಕೊಂಡೆ.

ಅಮ್ಮ ಚೌಕಟ್ಟಿನಿಂದ ಕೈ ತೆಗೆದಳು. ಬಾ ಎನ್ನಲಿಲ್ಲ. ಒಳಗೆ ಹೋಗಿ ಒಲೆ ಮುಂದೆ ಕೂತಳು.

ಸೆಪ್ಟೆಂಬರಿನಲ್ಲಿ ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು, ಉಳಿಯಿತು. ಯಾರೂ ಗಟ್ಟಿಯಾಗಿ ಸಂತೋಷಪಡಲಿಲ್ಲ, ಇನ್ನೊಂದು ಬಾಕಿಯಿತ್ತು. ಅಕ್ಕ ಬಂದು ಮೂರು ತಿಂಗಳು ತುಂಬುತ್ತಿದ್ದಂತೆ ಅಮ್ಮ, ಅತ್ತಿಗೆ ಆಡಿದ್ದ ಮಾತಿನಂತೆ, ಹಸಿ ಬಾಣಂತಿಯನ್ನೂ ಕೂಸನ್ನೂ ಕಂಬಳಿಯಲ್ಲಿ ಸುತ್ತಿ, ಶಿವಮೊಗ್ಗದ ಕಡೆಯ ರೈಲಿನಲ್ಲಿ ತರೀಕೆರೆಗೆ, ನನ್ನ ಕೋಣೆಗೆ ಕಳಿಸಿದಳು. ನನ್ನ ಓದಿನಿಂದ ಬಂದ ಆ ಒಂದು ಕೋಣೆ ಅಕ್ಕನಿಗೆ ತವರಾಯಿತು. ಶಾಲೆಯಿಂದ ಬಂದು ಕೂಸಿಗೆ ಬಿಸಿನೀರು ಕಾಯಿಸುತ್ತಿದ್ದೆ. ಅಕ್ಕ ಉಣ್ಣುವಾಗ ತುತ್ತು ಕೈಯಲ್ಲೇ ಹಿಡಿದು, "ಅವಳಿಗೇನಾರಾ ಆದ್ರೆ ನಾನ್ ಈ ಕೂಸಿನ ಮುಖ ಹೆಂಗ್ ನೋಡ್ಲೇ?" ಎನ್ನುತ್ತಿದ್ದಳು. ನಾನು ಸಮಾಧಾನ ಹೇಳುತ್ತಿದ್ದೆ. ಆ ದಿನಗಳಲ್ಲಿ ನಾನೂ ಆ ನಂಬಿಕೆಗೆ ಹೆದರಿದ್ದೆ.

ನವೆಂಬರಿನ ಒಂದು ಸಂಜೆ ಬೀರೂರಿನ ರೈಲಿನಿಂದಿಳಿದು ಅಣ್ಣ ಬೀದಿಯ ತುದಿಯಲ್ಲಿ ಕಾಣಿಸಿದ. ತಲೆ ತಗ್ಗಿಸಿಕೊಂಡು ನಡೆಯುವುದು ಅವನ ಹುಟ್ಟುಗುಣ, ಮುಖ ಕಾಣುತ್ತಿರಲಿಲ್ಲ. ಅಕ್ಕ ಕೂಸನ್ನು ನನ್ನ ಕೈಗೆ ಕೊಟ್ಟು ಎದ್ದು ನಿಂತಳು, ಗೋಡೆ ಹಿಡಿದುಕೊಂಡಳು. ಅವನು ಬಾಗಿಲಿಗೆ ಬಂದು ತಲೆಯೆತ್ತಿದ.

"ಗಂಡು. ತಾಯೀನೂ ಚೆನ್ನಾಗವ್ಳೆ," ಎಂದ. "ನಾಳೆ ಬೆಳಗಿನ ರೈಲಿಗೆ ನೀವೆಲ್ಲ ಬರ್ಬೇಕಂತೆ. ಅಮ್ಮ ಬೀದೀಲೇ ನಿಂತಿರ್ತಾಳಂತೆ."